ಮಂಗ ಹಿಡಿದಿಟ್ಟ ಮೂರು ಸೀಟು

ಹೊಳೆದಂಡೆಯ ಪ್ರಾಣಿಗಳಿಗೆಲ್ಲ ಸೇರಿ ಒಂದೇ ಸರ್ವರ್ ಇತ್ತು. ಅವು ತಮ್ಮ ಗೂಡು, ಬಿಲಗಳಲ್ಲೇ ಕೂತು, ದೂರದಿಂದ ಅದಕ್ಕೆ ಲಾಗಿನ್ ಆಗಿ ಕೆಲಸ ಮಾಡುತ್ತಿದ್ದವು. ಒಬ್ಬರು ಒಳಗೆ ಬರಲು ಒಂದು ಲೈಸೆನ್ಸ್ ಬೇಕು. ಇದ್ದದ್ದು ಐದೇ, ಹಂಚುವ ಜವಾಬ್ದಾರಿ ಆಮೆಯದು.

ಒಂದು ಮಧ್ಯಾಹ್ನ ಗೀಜಗ ಹಕ್ಕಿ ಹಾರಿ ಬಂತು. "ಆಮೆಯಣ್ಣ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ಎಲ್ಲರ ನಂಬರೂ ಸರ್ವರಿನಲ್ಲಿದೆ. ಎಚ್ಚರಿಕೆ ಕಳಿಸಬೇಕು, ಬೇಗ ಒಳಗೆ ಬಿಡಣ್ಣ."

ಆಮೆ ಪಟ್ಟಿ ನೋಡಿತು. ನವಿಲು, ಅಳಿಲು ಕೆಲಸದಲ್ಲಿದ್ದವು. ಉಳಿದ ಮೂರೂ ಲೈಸೆನ್ಸ್ ಮಂಗನ ಹೆಸರಲ್ಲಿದ್ದವು. ಮೂರರಲ್ಲೂ ಬೆಳಗಿನಿಂದ ಒಂದಕ್ಷರ ಕೆಲಸ ಆಗಿರಲಿಲ್ಲ. ಆಮೆ ಫೋನ್ ಮಾಡಿತು.

"ಏನಪ್ಪಾ ಮಂಗಣ್ಣ, ಲಾಗೌಟ್ ಮಾಡದೆ ಎಲ್ಲಿಗೆ ಹೋದೆ?"

"ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಲ್ವಾ, ಹಾಗೆ. ಮರದಲ್ಲಿದ್ದಾಗ ಒಂದು, ಗುಹೆಯಲ್ಲಿದ್ದಾಗ ಒಂದು, ಇನ್ನೊಂದು ಯಾವುದಕ್ಕೂ ಇರಲಿ ಅಂತ. ಒಂದನ್ನೂ ಮುಟ್ಟಬೇಡ, ಹೇಳಿದ್ದೀನಿ!"

"ಅಲ್ಲಯ್ಯಾ, ನೀರು..." ಅನ್ನುವಷ್ಟರಲ್ಲಿ ಮಂಗ ಫೋನ್ ಇಟ್ಟುಬಿಟ್ಟಿತು.

ಆಮೆ ಮಂಗನ ಒಂದು ಸೀಟು ತೆಗೆದು ಗೀಜಗಕ್ಕೆ ಕೊಟ್ಟಿತು. ಎಚ್ಚರಿಕೆ ಹೋಯಿತು.

ಸಂಜೆ ಮಂಗ ಒದ್ದೆ ಬಾಲ ಹಿಂಡುತ್ತಾ ಬಂತು. "ನನ್ನ ಸೀಟು ಕಿತ್ತವರು ಯಾರು?"

"ನಾನೇ. ಅದರಲ್ಲೇ ಕೂತು ಗೀಜಗ ಎಚ್ಚರಿಕೆ ಕಳಿಸಿದ್ದು. ನಿನಗೆ ಸಿಕ್ಕಿತಾ?"

"ಸಿಕ್ಕಿತು," ಮಂಗ ದನಿ ತಗ್ಗಿಸಿತು. "ಹೊಳೆ ನಡುವಿನ ಬಂಡೆ ಮೇಲೆ ಮಲಗಿದ್ದೆ. ಓದಿದ್ದೇ ದಡಕ್ಕೆ ಹಾರಿದೆ; ಬಾಲ ಮಾತ್ರ ನೆನೆಯಿತು."

ಉಳಿದೆರಡು ಸೀಟನ್ನೂ ತಾನೇ ಬಿಟ್ಟುಕೊಟ್ಟು, ಮುಖ ಊದಿಸಿಕೊಂಡು ಹೇಳಿತು: "ಅಲ್ಲಾ, ತೆಗೆಯೋದೇ ಆಗಿದ್ದರೆ ನನ್ನನ್ನು ಕೇಳದೆ ಮೊದಲೇ ತೆಗೆಯಬಾರದಿತ್ತಾ? ಬಾಲವೂ ನೆನೆಯುತ್ತಿರಲಿಲ್ಲ!"