ಎಲೆಯ ತುದಿಯ ಉಪ್ಪು

ಹೊಳೆದಂಡೆಯ ಆ ಆಶ್ರಮದಲ್ಲಿ ಅಡುಗೆಗೆ ಉಪ್ಪು ಹಾಕುವ ಪದ್ಧತಿಯೇ ಇರಲಿಲ್ಲ. ಎಲೆಯ ತುದಿಗೆ ಬಡಿಸುತ್ತಿದ್ದರು. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳುತ್ತಿದ್ದರು.

ಆ ವರ್ಷ ಅಡುಗೆಮನೆಯ ಉಸ್ತುವಾರಿ ಶಿಷ್ಯ ಶಾಂತವೀರನಿಗೆ ಬಂತು.

ಆಶ್ರಮದ ದೀಪಗಳಿಗೆ ಬತ್ತಿ ಹೊಸೆಯುತ್ತಿದ್ದವಳು ಮುದುಕಿ ನಿಂಗಜ್ಜಿ. ಹಿಂದೊಮ್ಮೆ ಶಾಂತವೀರ ಸಿಡುಬಿನಿಂದ ಮಲಗಿದ್ದಾಗ ಪಕ್ಕದಲ್ಲೇ ಕೂತು ಗಂಜಿ ಕುಡಿಸಿ ಬದುಕಿಸಿದವಳು ಅವಳೇ. ಆ ಉಪಕಾರವನ್ನು ಅವನು ಮರೆತಿರಲಿಲ್ಲ. ಈಗ ಅವಳ ಕಾಲು ಊದಿಕೊಂಡಿತ್ತು. ಉಪ್ಪು ಬಿಟ್ಟರೆ ಒಳ್ಳೆಯದು ಎಂದು ವೈದ್ಯರು ಶಾಂತವೀರನಿಗೆ ಹೇಳಿ ಹೋದರು.

ಅವನು ಅಂದೇ ಉಪ್ಪಿನ ಜಾಡಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅರವತ್ತು ದಾಟಿದವರ ಎಲೆಗೆ ಉಪ್ಪಿಲ್ಲ ಎಂದು ಕಟ್ಟಪ್ಪಣೆ ಮಾಡಿದ.

ಸುದ್ದಿ ತಲೆ ನರೆತ ಅಮಲ್ದಾರರ ಕಿವಿಗೂ ಬಿತ್ತು. ಅವರಿಗೆ ಬಹಳ ಹಿಡಿಸಿತು. ಊರಿಗೆಲ್ಲ ಡಂಗುರ ಹೊಡೆಸೋಣ, ಆಜ್ಞೆಯನ್ನು ನೀವೇ ಬರೆದುಕೊಡಿ ಎಂದು ಹೇಳಿ ಕಳಿಸಿದರು. ಶಾಂತವೀರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಿಂಗಜ್ಜಿ ಮಾತ್ರ ಎರಡು ತುತ್ತಿಗೇ ಎಲೆ ಮಡಚಿ ಏಳತೊಡಗಿದಳು. ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆಗಂಟು ಕಟ್ಟಿದಳು.

ಶಾಂತವೀರ ಗುರುಗಳ ಬಳಿ ಓಡಿದ. "ನೀವಾದರೂ ಹೇಳಿ ಗುರುಗಳೇ. ಅವಳ ಒಳ್ಳೆಯದಕ್ಕೇ ಮಾಡಿದೆ."

"ವೈದ್ಯರು ಹೇಳಿದ್ದನ್ನು ಅವಳಿಗೆ ತಿಳಿಸಿದೆಯಾ?"

ಅವನು ತಲೆ ತಗ್ಗಿಸಿದ. "ಇಲ್ಲ. ಬೀಗ ಹಾಕಿದೆ."

"ಊದಿದ ಕಾಲು ಯಾರದು?"

"ಅಜ್ಜಿಯದು."

"ಹೋಗಿ ಹೇಳು. ಬೀಗದಕೈಯನ್ನೂ ಅವಳಿಗೇ ಕೊಡು."

ಅವನು ಅಜ್ಜಿಯ ಮುಂದೆ ಕೂತು ವೈದ್ಯರು ಅಂದದ್ದನ್ನೆಲ್ಲ ಹೇಳಿದ. ಮುಂದೆ ಉಬ್ಬಸ ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಅಜ್ಜಿ ಅವನ ತಲೆ ಸವರಿದಳು. "ಮೊದಲೇ ಹೇಳಬಾರದಿತ್ತೇನೋ ಮಗ? ಈ ಮುದುಕಿ ನಿಮಗೆಲ್ಲ ಭಾರ ಆದಳೇನೋ ಅಂದ್ಕೊಂಡಿದ್ದೆ. ಈಗಲಾದ್ರೂ ಹೇಳಿದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ."

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಎಲೆಯ ಉಪ್ಪಿನಲ್ಲಿ ಅರ್ಧವನ್ನು ಪಕ್ಕಕ್ಕೆ ಸರಿಸಿದಳು. ಸ್ವಲ್ಪ ಯೋಚಿಸಿ, ಸರಿಸಿದ್ದರಿಂದ ಒಂದು ಚಿಟಿಕೆ ಮತ್ತೆ ಎಳೆದುಕೊಂಡಳು.

"ಅಜ್ಜೀ..."

"ಇಷ್ಟು ಬೇಕು ಕಣೋ. ಗೊತ್ತಿದ್ದೇ ತಿಂತಿದ್ದೀನಿ."

ಶಾಂತವೀರನಿಗೆ ಇನ್ನೂ ಭಯವಿತ್ತು. ಆದರೂ ಅವಳು ಎಲೆ ಖಾಲಿ ಮಾಡಿದ್ದನ್ನು ನೋಡಿ ಕಣ್ಣು ತುಂಬಿ ಬಂತು. ಬಟ್ಟೆಗಂಟನ್ನು ಅವನೇ ಬಿಚ್ಚಿಟ್ಟ.

ಸಂಜೆ ಗುರುಗಳ ಕಾಲಿಗೆ ಬಿದ್ದ. "ಅಜ್ಜಿ ನಮಗೆ ಉಳಿದಳು ಗುರುಗಳೇ, ನಿಮ್ಮ ದಯೆ. ಆದರೆ ಅಮಲ್ದಾರರ ಜವಾನ ಆಜ್ಞೆಯ ಪತ್ರಕ್ಕೆ ಕಾದು ಕೂತಿದ್ದಾನೆ. ಏನು ಬರೆದುಕೊಡಲಿ?"

ಗುರುಗಳು ನಕ್ಕರು.

"ಏನೂ ಬರೆಯಬೇಡ. ನಾಳೆ ಅವರನ್ನು ಊಟಕ್ಕೆ ಕರೆ. ಉಪ್ಪು ಬಡಿಸುವ ಮೊದಲು ವಯಸ್ಸು ಕೇಳು."