ಕೂತು ನೋಡದ ಸೀಟು

“ಬುದ್ಧಿ, ಆ ಪೀಠದ ಮೇಲೆ ಕೂರುವ ಯೋಗ್ಯತೆ ನನಗಿದೆಯೇ?”

ಶಿಷ್ಯ ಪಂಚಾಕ್ಷರಿ ಗುರುಗಳನ್ನು ಈ ಪ್ರಶ್ನೆ ಕೇಳಿದ್ದು ಅದು ಏಳನೆಯ ಸಲ. ಪೀಠವೇರಿ ನಲವತ್ತೊಂದು ವರ್ಷವಾಗಿದ್ದ ಮಠದ ಗುರುಗಳಿಗೆ ಎಪ್ಪತ್ತೊಂಬತ್ತು ತುಂಬಿತ್ತು. ತಮ್ಮ ನಂತರ ಪೀಠಕ್ಕೆ ಪಂಚಾಕ್ಷರಿಯೇ ಎಂದು ಅವರು ಭಕ್ತರೆಲ್ಲರ ಮುಂದೆ ಹೇಳಿ ಐದು ತಿಂಗಳಾಗಿತ್ತು. ಸೋಮವಾರ ಪಟ್ಟ ಕಟ್ಟುವುದೆಂದು ನಿಶ್ಚಯವಾಗಿತ್ತು. ಅಂದು ಶನಿವಾರ. ಹನ್ನೆರಡು ವರ್ಷದಿಂದ ಪಂಚಾಕ್ಷರಿ ಆ ಪೀಠದ ಧೂಳು ಒರೆಸಿದ್ದ, ಅದಕ್ಕೆ ಹೂವಿಟ್ಟಿದ್ದ, ಹಬ್ಬ ಬಂದರೆ ಎಣ್ಣೆ ಹಚ್ಚಿ ಉಜ್ಜಿದ್ದ. ಅದರ ಮೇಲೆ ಕೂರುವುದನ್ನು ನೆನೆದರೆ ಮಾತ್ರ ಅವನಿಗೆ ಭಯವಾಗುತ್ತಿತ್ತು. ನನ್ನಿಂದಾಗುವುದಿಲ್ಲ ಎಂದು ಕೈಮುಗಿದು ಊರು ಬಿಟ್ಟುಬಿಡೋಣವೇ ಎಂದೂ ಅನ್ನಿಸಿತ್ತು. ಅದನ್ನೂ ಅವನು ಗುರುಗಳಿಗೆ ಹೇಳಿದ್ದ.

ಗುರುಗಳು ಪೀಠದ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು.

“ಆರು ಸಲ ನೀನು ಕೇಳಿದೆ, ಆರು ಸಲವೂ ನಾನು ‘ಇದೆ’ ಅಂದೆ. ನನ್ನ ಮಾತು ನಿನ್ನ ಕಿವಿಗೆ ಇಳಿಯುವುದಿಲ್ಲ. ಹೋಗಲಿ ಬಿಡು. ಕುಶನ್ ಮೌಲಾಲಿಯ ಕತೆ ಹೇಳುತ್ತೇನೆ, ಅದಾದರೂ ಇಳಿದೀತು. ಮಧ್ಯೆ ಬಾಯಿ ಹಾಕಬೇಡ,” ಅಂದರು. ಕನ್ನಡಕ ಏರಿಸಿಕೊಂಡು ಹೇಳತೊಡಗಿದರು.

ದಾವಣಗೆರೆಯಲ್ಲಿ ಒಬ್ಬ ಕುಶನ್ ಕೆಲಸದವನಿದ್ದ. ಹೆಸರು ಮೌಲಾಲಿ. ಲಾರಿಯದಿರಲಿ, ಜೀಪಿನದಿರಲಿ, ಟ್ರ್ಯಾಕ್ಟರಿನದಿರಲಿ, ಸೀಟು ಹರಿಯಿತು ಅಂದರೆ ಅವನ ಅಂಗಡಿಗೇ ಬರಬೇಕು. ಅವನು ಹೊಲಿಗೆ ಹಾಕಿದ ಮೇಲೆ ಗಾಡಿ ಗುಜರಿಗೆ ಹೋದರೂ ಸೀಟು ಗಟ್ಟಿಯಾಗಿಯೇ ಇರುತ್ತಿತ್ತು. ಅವನಿಗೆ ಸ್ವಲ್ಪ ಜಂಭವೂ ಇತ್ತು. ಇರಲಿ ಬಿಡು, ಕೆಲಸ ಬಲ್ಲವನಿಗೆ ಅಷ್ಟಿದ್ದರೆ ತಪ್ಪೇನಿಲ್ಲ.

ಅವನದೊಂದು ಪದ್ಧತಿ. ಗಿರಾಕಿಯ ಸೀಟಿನಲ್ಲಿ ಅವನು ಕೂರುತ್ತಿರಲಿಲ್ಲ. ಹೊಸದಾಗಿ ಕಟ್ಟಿದ ಸೀಟಿನಲ್ಲಿ ಮೊದಲು ಕೂರಬೇಕಾದವನು ಗಾಡಿಯ ಯಜಮಾನ, ಕಟ್ಟಿದವನು ಕೂತರೆ ಸೀಟು ಎಂಜಲಾಗುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರು. ಉಸ್ತಾದರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಂಗಡಿಯ ಬೋರ್ಡಿನ ಮೇಲೆ ಇನ್ನೂ ಅವರ ಹೆಸರೇ ಇತ್ತು. ಮೌಲಾಲಿ ಎಷ್ಟು ಸಾವಿರ ಸೀಟು ಕಟ್ಟಿದ್ದನೋ ಅವನಿಗೇ ಗೊತ್ತಿಲ್ಲ, ಒಂದರಲ್ಲೂ ಕೂತವನಲ್ಲ. ಅಂಗೈಯಿಂದ ಒತ್ತಿ, ಮೊಣಕೈಯಿಂದ ಗುದ್ದಿ, ಕಿವಿಯಿಟ್ಟು ಕೇಳಿ, ಇದು ಸರಿ ಇದೆ, ಇದು ಸರಿ ಇಲ್ಲ ಅಂದುಬಿಡುತ್ತಿದ್ದ. ಅವನ ಮಾತು ತಪ್ಪಿದ್ದೂ ಇಲ್ಲ.

ಒಂದು ದಿನ ಅವನ ಅಂಗಡಿಯ ಮುಂದೆ ಒಬ್ಬ ವರ್ತಕನ ಕಾರು ನಿಂತಿತು. ಪೈಪು, ಸಿಮೆಂಟು ಮಾರುವ ವರ್ತಕ. ಆರಡಿ ಮೇಲೆ ಎರಡು ಅಂಗುಲದ ಆಳು. ಕಾರು ಸ್ಪೋರ್ಟ್ಸ್ ಕಾರು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವಂಥದ್ದು. ನನ್ನನ್ನೂ ಒಮ್ಮೆ ಅದರಲ್ಲಿ ಕರೆದೊಯ್ದಿದ್ದ. ನಾನು ಅದನ್ನು ಹತ್ತಲಿಲ್ಲ, ಅದರೊಳಗೆ ಬಿದ್ದೆ. ಎಬ್ಬಿಸಿ ಹೊರಗೆ ತರಲು ಇಬ್ಬರು ಬೇಕಾಯಿತು. ನಗಬೇಡ, ಕೇಳು.

ಕಾರಿನ ಜೊತೆ ಬಂದ ಸೀಟು ವರ್ತಕನಿಗೆ ಸಾಲದಾಯಿತು. ಘಾಟಿಯ ತಿರುವಿನಲ್ಲಿ ಮೈ ಆ ಕಡೆ ಈ ಕಡೆ ಜಾರುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ ಎಂದು, ಎರಡೂ ಪಕ್ಕೆ ತಬ್ಬಿ ಹಿಡಿಯುವ ರೇಸಿನ ಸೀಟು ತರಿಸಿಕೊಂಡಿದ್ದ. ಆದರೆ ಹಳೆಯ ಸೀಟಿನಲ್ಲಿ ಒಂದು ಸುಖವಿತ್ತು. ಬಟನ್ ಒತ್ತಿದರೆ ಅದು ತಾನೇ ಮುಂದೆ ಸರಿಯುತ್ತಿತ್ತು, ಹಿಂದೆ ಸರಿಯುತ್ತಿತ್ತು, ಏಳುತ್ತಿತ್ತು, ಇಳಿಯುತ್ತಿತ್ತು. ಆ ಸುಖವನ್ನು ಬಿಡಲು ಅವನು ತಯಾರಿರಲಿಲ್ಲ. ನಾಲ್ಕು ಅಂಗಡಿ ಸುತ್ತಿದ್ದ. ನಾಲ್ವರೂ ಒಂದೇ ಮಾತು ಹೇಳಿದ್ದರು. ರೇಸಿನ ಸೀಟು ಅಂದರೆ ನೆಲಕ್ಕೆ ಬೋಲ್ಟು ಹೊಡೆದು ಬಿಗಿಯುವಂಥದ್ದು, ಸರಿಯುವ ಮಾತು ಮರೆತುಬಿಡಿ ಅಂದಿದ್ದರು.

ವರ್ತಕ ಕಾರಿನಲ್ಲಿ ಕೂತು ಬಟನ್ ಒತ್ತಿ ತೋರಿಸಿದ. ಸೀಟು ಅವನನ್ನು ಹೊತ್ತುಕೊಂಡು ಸದ್ದಿಲ್ಲದೆ ಮುಂದೆ ಬಂತು, ಸದ್ದಿಲ್ಲದೆ ಹಿಂದೆ ಹೋಯಿತು. ಮೌಲಾಲಿ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದ. ತಾಯಿ ಕೂಸನ್ನು ಎತ್ತಿ ಇಡುವಷ್ಟು ಮೆತ್ತಗೆ ಇಷ್ಟು ದೊಡ್ಡ ಮನುಷ್ಯನನ್ನು ಎತ್ತಿ ಇಡುವುದನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

“ಗುರುವಾರ ಸಂಜೆ ಐದಕ್ಕೆ ಬನ್ನಿ ಸಾಹುಕಾರ್ರೇ. ಹೊಸ ಸೀಟೂ ಹೀಗೇ ಸರಿಯುತ್ತೆ. ಸರಿಯದಿದ್ದರೆ ಉಸ್ತಾದರ ಈ ಬೋರ್ಡು ಇಳಿಸಿ, ಬಾಗಿಲು ಹಾಕಿ ಮನೇಲಿ ಕೂರ್ತೀನಿ,” ಅಂದುಬಿಟ್ಟ.

ನೋಡಿದೆಯಾ, ಜಂಭ ಅಂದೆನಲ್ಲ.

ವರ್ತಕ ಕಾರು ಬಿಟ್ಟು ಹೋದ. ಮೌಲಾಲಿ ಹಳೆಯ ಸೀಟು ಬಿಚ್ಚಿ ಬೋರಲು ಹಾಕಿದ. ಕೆಳಗೆ ನೋಡಿದವನು ಹಾಗೇ ನಿಂತ. ಮುಷ್ಟಿಯಷ್ಟು ದಪ್ಪದ ಮೂರು ಮೋಟರು. ಸೀಟಿನ ಎರಡು ಪಕ್ಕಕ್ಕೂ ಹಳಿ. ಹಳಿಯೊಳಗೆ ಮೊಳದುದ್ದದ ತಿರುಪು, ಅದಕ್ಕೆ ಕೂದಲೆಳೆಯಷ್ಟೂ ಸಡಿಲವಿಲ್ಲದ ಹಲ್ಲು. ಯಾರೋ ಕಾಣದ ದೇಶದಲ್ಲಿ ಕೂತವನು, ಕಾಣದ ಊರಿನ ಒಬ್ಬನ ಸೊಂಟ ನೋಯದಿರಲಿ ಅಂತ ಇಷ್ಟೆಲ್ಲ ಯೋಚಿಸಿದ್ದಾನಲ್ಲ ಅನ್ನಿಸಿ ಅವನ ಮೈ ಜುಂ ಅಂದಿತು. ಇದನ್ನು ಮರೆತುಬಿಡಿ ಅಂದ ಆ ನಾಲ್ವರ ಮೇಲೂ ಅವನಿಗೆ ಸಿಟ್ಟು ಬಂತು.

ಹಾಗಾಗಿ ಅವನು ಹಳೆಯ ಸೀಟಿನ ಮೇಲ್ಭಾಗವನ್ನಷ್ಟೇ ಬಿಡಿಸಿದ. ಹಳಿ, ಮೋಟರು, ವೈರು ಎಲ್ಲ ಇದ್ದ ಹಾಗೇ ಇಟ್ಟುಕೊಂಡ. ದಪ್ಪ ಕಬ್ಬಿಣದ ಎರಡು ಪಟ್ಟಿ ಮಾಡಿ, ಹೊಸ ಸೀಟನ್ನು ಆ ಪಟ್ಟಿಗಳ ನಡುವೆ ಹಿಡಿಸಿ, ಪಟ್ಟಿಗಳನ್ನು ಹಳಿಯ ಮೇಲೆ ಕೂರಿಸಿದ. ಸೀಟು ಎತ್ತರವಾದರೆ ಆರಡಿಯ ಮನುಷ್ಯನ ತಲೆ ಸೂರಿಗೆ ತಾಗುತ್ತದೆ. ಅದಕ್ಕೆ ಪಟ್ಟಿಯ ತೂತುಗಳನ್ನು ಮೂರು ಸಲ ಕೆಳಗಿಳಿಸಿ ಕೊರೆದ. ಹಳೆಯ ಮೆತ್ತೆಯ ಕೆಳಗೆ ತೆಳ್ಳನೆಯ ಹಾಳೆಯಂಥದ್ದೊಂದು ಸಿಕ್ಕಿತು, ಅದಕ್ಕೆ ಎರಡು ವೈರು. ಏನೆಂದು ತಿಳಿಯಲಿಲ್ಲ. ತಿಳಿಯದ್ದನ್ನು ಎಸೆಯಲು ಕೈ ಬರಲಿಲ್ಲ. ಅದನ್ನೂ ಜೋಪಾನವಾಗಿ ಹೊಸ ಮೆತ್ತೆಯ ಕೆಳಗೆ ಹಾಸಿದ. ಕೊನೆಗೆ ಹಾರೆ ಹಾಕಿ ಮೀಟಿ ನೋಡಿದ. ಕಾರು ಅಲುಗಾಡಿತೇ ಹೊರತು ಸೀಟು ಜಗ್ಗಲಿಲ್ಲ.

ಗುರುವಾರ ಹತ್ತೂವರೆಗೆ ಕೆಲಸ ಮುಗಿಯಿತು. ಮೌಲಾಲಿ ಬಿಸ್ಮಿಲ್ಲಾ ಅಂದು, ಬಾಗಿಲ ಬಳಿ ನಿಂತು, ಕೈ ಚಾಚಿ ಬಟನ್ ಒತ್ತಿದ.

ಸೀಟು ಸರಿಯಲಿಲ್ಲ.

ಮತ್ತೆ ಒತ್ತಿದ. ಉಹುಂ. ಫ್ಯೂಸು ನೋಡಿದ, ಸರಿ ಇತ್ತು. ಸೀಟು ಹೊರಗೆ ತೆಗೆದು ಮೋಟರಿಗೆ ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟ, ಗಿರ್ರನೆ ತಿರುಗಿತು. ಒಳಗಿಟ್ಟು ಬಟನ್ ಒತ್ತಿದರೆ ಸತ್ತ ಹಾಗೆ. ಬಿಚ್ಚಿದ, ಕಟ್ಟಿದ. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ. ಎರಡು ಗಂಟೆ ಹೊಡೆಯಿತು. ಬೆವರು ಕಣ್ಣಿಗಿಳಿಯಿತು. ಅವನಿಗೆ ತನ್ನ ಚಿಂತೆ ಅಷ್ಟಿರಲಿಲ್ಲ ಮರಿ. ಉಸ್ತಾದರ ಹೆಸರನ್ನು ತನ್ನ ಬಾಯಿಂದಲೇ ಪಣಕ್ಕಿಟ್ಟೆನಲ್ಲ, ಆ ಬೋರ್ಡು ಇಳಿಸುವ ಕೈ ಯಾವುದು ಅನ್ನುವುದೇ ಅವನನ್ನು ಕೊರೆಯುತ್ತಿತ್ತು.

ಅವನ ಹೆಂಡತಿ ಬೀಬಿಜಾನ್ ಊಟದ ಡಬ್ಬಿ ತಂದಳು. ಗಂಡ ಕಾರಿನ ಪಕ್ಕ ನೆಲದ ಮೇಲೆ ತಲೆಗೆ ಕೈಹೊತ್ತು ಕೂತಿದ್ದ.

“ಸೀಟು ಸರೀತಿಲ್ಲ,” ಅಂದ.

“ಕೂತು ನೋಡಿದ್ರಾ?”

“ನೋಡದೆ ಇರ್ತೀನಾ? ಬಿಚ್ಚಿ ನೋಡಿದೆ, ಬಗ್ಗಿ ನೋಡಿದೆ, ಕೆಳಗೆ ಮಲಗಿ ನೋಡಿದೆ.”

“ಅದನ್ನಲ್ಲ ರೀ ನಾನು ಕೇಳಿದ್ದು. ಕೂತು ನೋಡಿದ್ರಾ?”

ಮೌಲಾಲಿ ತಲೆಯೆತ್ತಿದ. ಮೂವತ್ತು ವರ್ಷ ಜೊತೆಗಿದ್ದು ಇವಳು ಹೀಗೂ ಕೇಳುತ್ತಾಳಲ್ಲ ಅನ್ನಿಸಿತು. ಎಂಜಲಾಗುತ್ತೆ, ಉಸ್ತಾದರ ಮಾತು ನಿನಗೆ ಗೊತ್ತಿಲ್ಲವಾ ಅಂತ ರೇಗಿದ.

ಬೀಬಿಜಾನ್ ಡಬ್ಬಿ ಬಿಚ್ಚುತ್ತಾ ಅಂದಳು: “ಉಸ್ತಾದರ ಕಾಲದ ಸೀಟು ಸುಮ್ಮನೆ ಬಿದ್ದಿರೋ ಸೀಟು. ಇದು ಓಡಾಡೋ ಸೀಟು. ಮೇಲೆ ಯಾರೂ ಇಲ್ಲದೆ ಅದು ಯಾರಿಗೋಸ್ಕರ ಸರೀಬೇಕು, ಹೇಳಿ?”

ಮೌಲಾಲಿ ಊಟ ಮುಟ್ಟಲಿಲ್ಲ. ಎದ್ದು ನಲ್ಲಿಯಲ್ಲಿ ಕೈಕಾಲು ತೊಳೆದ. ಮುಖ ತೊಳೆದ. ಅಂಗಿಯ ಧೂಳು ಕೊಡವಿದ. ಬೋರ್ಡಿನ ಕಡೆ ತಿರುಗಿ, ಮಾಫ್ ಮಾಡಿ ಉಸ್ತಾದ್ ಅಂದ. ನಮಾಜಿಗೆ ಹೋಗುವವನ ಹಾಗೆ ಚಪ್ಪಲಿ ಹೊರಗೆ ಬಿಟ್ಟು, ಜೀವಮಾನದಲ್ಲಿ ಮೊದಲ ಸಲ, ತಾನೇ ಕಟ್ಟಿದ ಸೀಟಿನಲ್ಲಿ ಕೂತ. ಮೈಯ ಭಾರವನ್ನೆಲ್ಲ ಬಿಡಲು ಅಂಜಿಕೆ. ಎರಡೂ ಕೈ ಊರಿ ಅರ್ಧ ಭಾರ ಹಿಡಿದುಕೊಂಡೇ ಬಟನ್ ಒತ್ತಿದ. ಸರಿಯಲಿಲ್ಲ.

“ಪೂರ್ತಿ ಕೂರ್ರೀ!” ಅಂದಳು ಬೀಬಿಜಾನ್.

ಕೈ ಬಿಟ್ಟ. ಪೂರ್ತಿ ಕೂತ. ಒತ್ತಿದ.

ಸೀಟು ಸರಿಯಿತು.

ಮೌಲಾಲಿ ಗಿಡ್ಡ ಮನುಷ್ಯ. ಅವನ ಕಾಲು ಪೆಡಲಿಗೆ ಒಂದು ಗೇಣು ದೂರ ಇತ್ತು. ಸೀಟು ಅವನನ್ನು ಮೆಲ್ಲಗೆ, ಮೆಲ್ಲಗೆ ಮುಂದೆ ತಂದಿತು. ಪಾದ ಪೆಡಲಿಗೆ ಮುಟ್ಟುವ ತನಕ ತಂದಿತು. ಇನ್ನೊಂದು ಬಟನ್ ಒತ್ತಿದ, ರಸ್ತೆ ಕಾಣುವಷ್ಟು ಎತ್ತಿತು. ನೀನು ಸಾಹುಕಾರನೋ, ಕೆಲಸದವನೋ, ಎಷ್ಟು ಉದ್ದ ಇದ್ದೀಯ ಅಂತ ಅದು ವಿಚಾರಿಸಲಿಲ್ಲ. ಒಬ್ಬ ತನ್ನ ಮೇಲೆ ಪೂರ್ತಿ ಕೂತಿದ್ದಾನೆ ಅನ್ನುವುದೊಂದೇ ಅದಕ್ಕೆ ಬೇಕಾಗಿತ್ತು. ಏನೆಂದು ತಿಳಿಯದೆ ಹಾಸಿದ್ದ ಆ ತೆಳು ಹಾಳೆ ಏನೆಂದು ಅವನಿಗೆ ಆಗ ತಿಳಿಯಿತು. ಆ ಕಾರಿನಲ್ಲಿ ಹಾಳೆಯ ಮೇಲೆ ಮನುಷ್ಯನ ಭಾರ ಬೀಳದೆ ಮೋಟರಿಗೆ ಅಪ್ಪಣೆಯಿಲ್ಲ. “ಯಾ ಅಲ್ಲಾ, ಯಾ ಅಲ್ಲಾ” ಅನ್ನುತ್ತಾ ಅವನು ಮಗುವಿನ ಹಾಗೆ ಅತ್ತುಬಿಟ್ಟ. ಬೀಬಿಜಾನ್ ಗಂಡನನ್ನು ರೇಗಿಸಬೇಕು ಅಂದುಕೊಂಡವಳು ಸೆರಗಿನಿಂದ ತಾನೂ ಕಣ್ಣೊರೆಸಿಕೊಂಡಳು.

ಇನ್ನೊಂದು ಮಾತಿದೆ, ಅದನ್ನು ಬಿಡಬಾರದು. ಸೀಟು ಹಿಂದೆ ಸರಿಯುವಾಗ ಅವನ ಎಡ ಸೊಂಟದ ಕೆಳಗೆ ಏನೋ ತುಸು ಜಗ್ಗಿದ ಹಾಗಾಯಿತು. ಇಳಿದು ನೋಡಿದರೆ ಒಂದು ವೈರು ಪಟ್ಟಿಯ ಅಂಚಿಗೆ ಉಜ್ಜುತ್ತಿದೆ. ಹಾಗೇ ಬಿಟ್ಟಿದ್ದರೆ ತಿಂಗಳೊಳಗೆ ಹರಿದು, ಓಡುವ ಕಾರಿನಲ್ಲಿ ಏನು ಅನಾಹುತವಾಗುತ್ತಿತ್ತೋ. ಅಷ್ಟು ಸಲ ಬಿಚ್ಚಿ ನೋಡಿದ ಕಣ್ಣಿಗೆ ಅದು ಕಂಡಿರಲಿಲ್ಲ. ಒಂದೇ ಸಲ ಕೂತ ಸೊಂಟಕ್ಕೆ ಗೊತ್ತಾಯಿತು. ವೈರನ್ನು ಬೇರೆ ದಾರಿಯಲ್ಲಿ ಎಳೆದು ಕಟ್ಟಿ, ಮತ್ತೆ ಕೂತ. ಮುಂದೆ, ಹಿಂದೆ, ಮೇಲೆ, ಕೆಳಗೆ ಸರಿಸಿ ಸರಿಸಿ ನೋಡಿದ.

ಹಾಗೆ ನೋಡುತ್ತಿರುವಾಗಲೇ ಐದಾಯಿತು, ವರ್ತಕ ಬಂದ. ಮೌಲಾಲಿ ಗಡಬಡಿಸಿ ಇಳಿದ.

“ತಪ್ಪಾಯಿತು ಸಾಹುಕಾರ್ರೇ. ನಿಮಗಿಂತ ಮೊದಲು ನಾನು ಕೂತುಬಿಟ್ಟೆ.”

“ಅಯ್ಯೋ ಮಾರಾಯ, ನೀನು ಕೂತಿದ್ದೀಯ ಅಂತಲೇ ನಾನು ಧೈರ್ಯವಾಗಿ ಕೂರ್ತೀನಿ,” ಅಂದ ವರ್ತಕ.

ಕೂತು ಬಟನ್ ಒತ್ತಿದ. ಗಿಡ್ಡ ಕಾಲಿಗೆ ಮುಂದೆ ಬಂದಿದ್ದ ಅದೇ ಸೀಟು ಉದ್ದ ಕಾಲಿಗೆ ಹಿಂದೆ ಸರಿಯಿತು. ಅಲ್ಲಿಂದಾಚೆಗೆ ಮೌಲಾಲಿ ಯಾವ ಸೀಟನ್ನೂ ಕೂತು ನೋಡದೆ ಕೊಡಲಿಲ್ಲವಂತೆ. ಬೋರ್ಡು ಉಸ್ತಾದರ ಹೆಸರಿನಲ್ಲೇ ಇದೆಯಂತೆ. ಅಷ್ಟೇ ಕತೆ.

ಗುರುಗಳು ನಿಲ್ಲಿಸಿದರು. ಕತೆ ಪಂಚಾಕ್ಷರಿಯ ಎದೆಗೆ ತಾಗಿತ್ತು. ಭಯ ಮಾತ್ರ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

“ಮೌಲಾಲಿ ಕೂತದ್ದು ಒಂದು ಗಳಿಗೆ, ಬುದ್ಧಿ. ಸೀಟು ಅವನದಲ್ಲ, ಬೇರೆಯವರಿಗಾಗಿ ಕೂತು ನೋಡಿ ಎದ್ದುಬಿಟ್ಟ. ಇದು ಹಾಗಲ್ಲವಲ್ಲ. ಇದು ತಮ್ಮ ಪೀಠ.”

ಗುರುಗಳು ಎರಡೂ ಕೈ ಊರಿ, ಮೈಯನ್ನು ಮೆಲ್ಲಗೆ ಎತ್ತಿ, ಪೀಠದ ಒಂದು ಪಕ್ಕಕ್ಕೆ ಸರಿದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

“ನನ್ನದೆಂದು ನಿನಗೆ ಯಾರು ಹೇಳಿದರೋ? ನಲವತ್ತೊಂದು ವರ್ಷದಿಂದ ನಿನಗಾಗಿ ಕೂತು ನೋಡುತ್ತಿದ್ದೇನೆ.”