ಯಾರ ಕುದುರೆ ಯಾರು ಹತ್ತಿದ್ದು?

ದೀಪ ಸಣ್ಣ ಮಾಡಿದ್ರೂ ಹೀ, ಶೀ, ಇಟ್ ಅಂತ ಗೊಣಗ್ತಾನೇ ಇದೀಯಲ್ಲೇ! ಆ ಇಂಗ್ಲಿಷ್ ಸರ್ವನಾಮಗಳು ನಿನ್ನೊಬ್ಬಳ ತಲೆ ಮಾತ್ರ ಕೆಡಿಸಿದ್ದಲ್ಲ ಬಿಡು. ಬಾ ಇಲ್ಲಿ, ಹೊದ್ದುಕೊ, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಬಿಳೀ ದೊರೆಗಳು ಊರೂರು ಸುತ್ತುತಿದ್ದಾಗ, ಕಲ್ಲಕುಂಟೆ ಅಂತ ಒಂದೂರಿತ್ತಂತೆ. ಆ ಊರಲ್ಲಿ ಈರಣ್ಣ, ಬೊಮ್ಮಣ್ಣ, ಚೆನ್ನಕ್ಕ ಅಂತ ಮೂರು ಜನ ಒಡಹುಟ್ಟಿದವರು. ಅಪ್ಪ ಅಮ್ಮ ಇಲ್ಲ, ಸೋದರಮಾವ ಸಿದ್ದಯ್ಯನೇ ಅವರನ್ನ ಸಾಕ್ತಿದ್ದನಂತೆ. ಅವನ ಹತ್ರ ಒಂದು ಕಂದು ಹೆಣ್ಣುಕುದುರೆ, ಅದರ ಮೇಲೆ ಮೆಣಸಿನಕಾಯಿ ಮೂಟೆ ಹೇರ್ಕೊಂಡು ಸಂತೆಸಂತೆ ತಿರುಗಿ ಈ ಮಕ್ಕಳ ಹೊಟ್ಟೆ ತುಂಬಿಸ್ತಿದ್ದನಂತೆ.

ಆಮೇಲೆ ಊರಿಗೊಬ್ಬ ಪಾದ್ರಿ ಬಂದು, ಮೂವರಿಗೂ ಇಂಗ್ಲಿಷ್ ಹೇಳ್ಕೊಡೋಕೆ ಕೂತನಂತೆ. ಈರಣ್ಣನಿಗೆ ಐ, ಮೈ, ಮೈನ್ ಅಂತ ಶುರುಮಾಡಿದ. ಬೊಮ್ಮಣ್ಣನಿಗೆ ಹೀ, ಹಿಸ್ ಅಂತ ಒಂದಿಷ್ಟು ಹೇಳಿಕೊಟ್ಟ. ಚೆನ್ನಕ್ಕ ಬಾಯಿ ಬಿಟ್ರೆ ಬರೀ ಪ್ರಶ್ನೆ ಕೇಳೋ ಹುಡುಗಿ, ಅವಳಿಗೆ ಹೂ, ಹೂಸ್, ವಿಚ್ ಅಂತ ಕೇಳೋ ಪದಗಳನ್ನೇ ಕೊಟ್ಟ. ಅಷ್ಟರಲ್ಲಿ ಪಾದ್ರಿಗೆ ಚಳಿಜ್ವರ ಬಂತು, ಗಾಡಿ ಕಟ್ಟಿಸ್ಕೊಂಡು ಹೊರಟೇ ಹೋದನಂತೆ. ಮೂವರೂ ಪೂರ್ತಿ ಇಂಗ್ಲಿಷ್ ಬಂತು ಅಂದ್ಕೊಂಡು ಓಡಾಡ್ಕೊಂಡಿದ್ರಂತೆ.

ಆಮೇಲೆ ಏನಾಯ್ತು ಅಂದ್ರೆ, ಒಬ್ಬ ದೊರೆ ಬಂದು ಕೆರೆ ಪಕ್ಕ ಡೇರೆ ಹಾಕಿದ. ಜೊತೆಗೆ ಅವನ ಭಾಮೈದ, ಅವನನ್ನ ಎಲ್ಲರೂ ಸಣ್ಣ ದೊರೆ ಅಂತಿದ್ರು. ಸಣ್ಣ ದೊರೆದೂ ಕಂದು ಕುದುರೆನೇ, ಆದ್ರೆ ಗಂಡು. ಒಂದಿನ ಮಾವ ಕೆರೆಯಲ್ಲಿ ಮೈ ತೊಳ್ಕೊಂಡು, ಅಲ್ಲೇ ಗೂಟಕ್ಕೆ ಕಟ್ಟಿದ್ದ ತನ್ನ ಕುದುರೆ ಬಿಚ್ಕೊಂಡು ಮನೆಗೆ ಬಂದ. ಅತ್ತ ಸಣ್ಣ ದೊರೆ ನೋಡ್ತಾನೆ, ಪಕ್ಕದ ಗೂಟಕ್ಕೆ ಕಟ್ಟಿದ್ದ ತನ್ನ ಕುದುರೆನೇ ಇಲ್ಲ! ಮಾವ ಕಂದು ಕುದುರೆ ಬಿಚ್ಕೊಂಡು ಹೋದದ್ದನ್ನ ಕಂಡಿದ್ದ ಸಿಪಾಯಿಗಳು ಬಂದು, ಅವನ ಕೈ ಕಟ್ಟಿ ಡೇರೆಗೆ ಎಳ್ಕೊಂಡು ಹೋದರಂತೆ.

ದೊರೆ ಗೂಟ ತೋರಿಸಿ ಹೂ? ಅಂದ. ಯಾರು ಕದ್ದದ್ದು ಅಂತ ಅವನ ಅರ್ಥ. ಮಾವನಿಗೇನು ಗೊತ್ತು ಪಾಪ, ದೊಡ್ಡವರು ಹ್ಞೂ ಅಂದ್ರೆ ತಾನೂ ಹ್ಞೂ ಅನ್ನಬೇಕು ಅಂತ, ಹ್ಞೂ ಸ್ವಾಮಿ ಅಂತ ತಲೆಯಾಡಿಸಿದ. ಕದ್ದದ್ದೂ ಅಲ್ಲದೆ ನನ್ನನ್ನೇ ಅಣಕಿಸ್ತಾನೆ ಅಂತ ದೊರೆ ಕೆಂಡ ಆದ. ಗಾಡಿ ತರಿಸಿ, ಇವನನ್ನ ಸಮುದ್ರದಾಚೆ ಕಳಿಸ್ತೀನಿ ಅಂದನಂತೆ. ದೊರೆಯ ದುಭಾಷಿ ಮಗಳ ಮದುವೆಗೆ ಹೋಗಿದ್ದ, ಬಿಡಿಸಿ ಹೇಳೋರೇ ಇಲ್ಲ.

ಮಕ್ಕಳಿಗೆ ಎದೆ ಒಡೆದ ಹಾಗಾಯ್ತು. ಮಾವ ಹೋದ್ರೆ ಇನ್ಯಾರು? ಈರಣ್ಣ ಮುಂದೆ ಓಡಿದ. ಮಾವ ತನ್ನದೇ ಕುದುರೆ ತಗೊಂಡ ಅಂತ ಹೇಳಬೇಕಿತ್ತು, ತನ್ನದು ಅಂದ್ರೆ ಮೈನ್ ಅಂತ ಅವನ ಲೆಕ್ಕ. ಹಾರ್ಸ್ ಮೈನ್, ಹಾರ್ಸ್ ಮೈನ್ ಅಂತ ಎದೆ ಮುಟ್ಕೊಂಡು ಕೂಗಿದ. ಓಹೋ, ನಿಂದಾ, ನೀನೂ ಕಳ್ಳನೇ ಅಂತ ಅವನನ್ನೂ ಮಾವನ ಪಕ್ಕ ಕೂರಿಸಿದರಂತೆ.

ಆಮೇಲೆ ಬೊಮ್ಮಣ್ಣ ಹೋದ. ಹೀ ಟೇಕ್ ಹಿಸ್ ಹಾರ್ಸ್ ಅಂದ. ಅವನು ಅವನ ಕುದುರೆ... ತಡಿ, ಯಾವ ಅವನು? ಮಾವ ಮಾವಂದೇ ಕುದುರೆ ತಗೊಂಡ ಅಂತ ಇವನ ಮನಸಲ್ಲಿ. ಆದ್ರೆ ಹಿಸ್ ಅಂದಾಗ ಎದುರಿಗೆ ಸಣ್ಣ ದೊರೆ ನಿಂತಿದ್ನಲ್ಲ, ದೊರೆ ಅವನ ಕಡೆ ನೋಡಿದ. ಮಾವ ಸಣ್ಣ ದೊರೆದನ್ನ ಕದ್ದ ಅಂತ ಅವನಿಗೆ ಕೇಳಿಸ್ತು! ನಮ್ಮಲ್ಲಾದ್ರೆ ತನ್ನ ಕುದುರೆ ಅಂದ್ರೆ ಒಂದು, ಅವನ ಕುದುರೆ ಅಂದ್ರೆ ಇನ್ನೊಂದು. ಅವರಲ್ಲಿ ಎರಡಕ್ಕೂ ಹಿಸ್ಸೇ ಅಂತೆ. ಸಾಕ್ಷಿನೂ ಸಿಕ್ತು, ಕಟ್ರೋ ಗಾಡಿ ಅಂದ ದೊರೆ. ಬೊಮ್ಮಣ್ಣ ತಾನೇ ಮಾವನನ್ನ ಹಿಡಿದುಕೊಟ್ಟ ಹಾಗಾಯ್ತು ಅಂತ ತಿಳಿದು, ಅಳ್ತಾ ನಿಂತನಂತೆ.

ಆಮೇಲೆ ಚೆನ್ನಕ್ಕ ಬಂದಳು. ಅವಳಿಗೆ ಹೇಳೋ ಮಾತು ಒಂದೂ ಬರಲ್ಲ, ಕೇಳೋದು ಮಾತ್ರ ಬರುತ್ತೆ. ಹೂಸ್? ಅಂದಳು. ಹಿಸ್! ಅಂದ ದೊರೆ. ಇವಳು ಮಾವನ ಭುಜ ಮುಟ್ಟಿ, ಹಿಸ್? ಅಂದಳು. ನೋ, ಹಿಸ್! ಅಂತ ಅವನು ಸಣ್ಣ ದೊರೆ ಕಡೆ ಕೈ ಮಾಡಿದ. ಅವಳು ಇಬ್ಬರನ್ನೂ ತೋರಿಸಿ, ವಿಚ್ ಹಿಸ್? ಅಂದಳು. ದೊರೆ ಮಾವನನ್ನ ನೋಡಿದ, ಸಣ್ಣ ದೊರೆಯನ್ನ ನೋಡಿದ. ಇಬ್ಬರಲ್ಲಿ ಯಾರದು ಅಂತ ಅವನಿಗೇ ಈಗ ಅನುಮಾನ ಬಂತಂತೆ.

ದೊರೆಗೆ ಅನುಮಾನ ಬಂದದ್ದೇ ತಡ, ಚೆನ್ನಕ್ಕ ಮನೆಗೆ ಓಡಿ ಮಾವನ ಕುದುರೆನೇ ಹಿಡ್ಕೊಂಡು ಬಂದಳು. ಸಣ್ಣ ದೊರೆ ಅದರ ಸುತ್ತ ಒಂದು ಸುತ್ತು ಬಂದು, ಶೀ! ಅಂತ ಕೂಗಿದ. ನೆರೆದವರೆಲ್ಲ, ಅಯ್ಯೋ ನಮ್ಮ ಕುದುರೆಗೆ ಛೀ ಅಂದುಬಿಟ್ಟ ಅಂತ ಬೇಜಾರು ಮಾಡ್ಕೊಂಡ್ರು. ಅವನು ಹೇಳಿದ್ದು ಇದು ಹೆಣ್ಣು, ನಂದಲ್ಲ ಅಂತ! ಸಿಪಾಯಿಗಳು ಹುಡುಕಿಕೊಂಡು ಹೋದರೆ, ಗಂಡುಕುದುರೆ ಹಗ್ಗ ಕಿತ್ಕೊಂಡು ಕೆರೆ ಹಿಂದೆ ಹಸಿಹುಲ್ಲು ಮೇಯ್ತಾ ನಿಂತಿತ್ತಂತೆ.

ದೊರೆ ತಾನೇ ಬಂದು ಮಾವನ ಕಟ್ಟು ಬಿಚ್ಚಿ, ಈರಣ್ಣನನ್ನೂ ಎಬ್ಬಿಸಿ ಬಿಟ್ಟ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು, ಯೂ, ಯೂ ಅಂತ ಏನೇನೋ ಹೇಳಿದ. ಮಾವ ಹೆದರಿ, ಏನಂತಮ್ಮ ಚೆನ್ನಿ, ಮತ್ತೆ ಬೈತಿದಾರಾ ಅಂತ ಕೇಳಿದ. ಚೆನ್ನಕ್ಕನಿಗೂ ಪೂರ್ತಿ ತಿಳೀಲಿಲ್ಲ. ಯೂ ಅಂದ್ರೆ ನೀನೂ ಆಗುತ್ತೆ, ನೀವೂ ಆಗುತ್ತೆ, ಯಾವುದೋ ಏನೋ. ಅವಳು ದೊರೆ ಮುಖ ನೋಡಿದಳು, ಕೈಲಿದ್ದ ಟೋಪಿ ನೋಡಿದಳು, ಆಮೇಲೆ ಮೆಲ್ಲಗೆ ಹೇಳಿದಳಂತೆ: ನೀವು ಅಂತಿದಾರೆ ಮಾವ. ನೀವು ತಪ್ಪು ತಿಳೀಬೇಡಿ ಅಂತ ಕೇಳ್ತಿದಾರೆ.

ಹುಟ್ಟಿದಾಗಿನಿಂದ ಊರ ದೊಡ್ಡವರು ಯಾರೂ ಸಿದ್ದಯ್ಯನನ್ನ ನೀವು ಅಂದಿರಲಿಲ್ಲ. ಅವನು ಕಣ್ಣೊರೆಸ್ಕೊಂಡು ದೊರೆಗೆ ಕೈ ಮುಗಿದ, ಚೆನ್ನಿಯನ್ನ ಕುದುರೆ ಮೇಲೆ ಕೂರಿಸ್ಕೊಂಡು, ಗಂಡುಮಕ್ಕಳಿಬ್ಬರ ಕೈ ಹಿಡ್ಕೊಂಡು ಮನೆಗೆ ನಡೆದನಂತೆ. ನಾಲ್ಕೂ ಜನ ಬಿಸಿಮುದ್ದೆ ಉಂಡು, ಸುಖವಾಗಿ ಬಾಳಿದರಂತೆ. ಅಲ್ಲಿಗೆ ಅವರ ಕತೆ ದಡ ಸೇರ್ತು, ಇನ್ನು ನೀನು ಕಣ್ಣು ಮುಚ್ಚು, ನನ್ನ ಬಂಗಾರ.